ಏಳು ನಿಮಿಷದ ಪಾಡು

ಪುಣೆಗೆ ಎಂಜಿನಿಯರಿಂಗ್ ಓದಲು ಬಂದ ಮೇಲೆ ನನ್ನನ್ನು ಜಾಸ್ತಿ ಕಾಡಿದ್ದು ಗಣಿತ ಅಲ್ಲ, ಪ್ರಾಜೆಕ್ಟ್ ಪ್ರೆಸೆಂಟೇಷನ್. ಮೂರು ತಿಂಗಳ ಕೆಲಸ, ಹೇಳಲು 7 ನಿಮಿಷ. ಅದರಲ್ಲಿ 3 ನಿಮಿಷ ಪ್ರೊಜೆಕ್ಟರ್‌ಗೇ ಹೋಯಿತು. ಅಲ್ಲಿದ್ದದ್ದು ಹಳೇ ವಿಜಿಎ ಕೇಬಲ್, ನನ್ನ ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ ಮಾತ್ರ. ಕನ್ವರ್ಟರ್ ಇದೆಯಾ ಅಂತ ಮರಾಠಿ, ಹಿಂದಿ ಎರಡರಲ್ಲೂ ಕೇಳಿದೆ. ಕೊನೆಗೆ ಕೊಟ್ಟವನು ನಮ್ಮ ಬೆಳಗಾವಿ ಹುಡುಗ. "ತೊಗೋಲೇ, ವಾಪಸ್ ಕೊಡೂದ ಮರೀಬ್ಯಾಡ" ಅಂದ.

ಗುಂಪಿನಲ್ಲಿ ನಾಲ್ಕು ಜನ. ಒಬ್ಬ ರಾತ್ರಿಯಿಡೀ ಸ್ಲೈಡಿಗೆ ಬಣ್ಣ ಹಚ್ಚುತ್ತಾ ಕೂತಿದ್ದ. ಇನ್ನೊಬ್ಬ ಪರದೆ ಮೇಲಿದ್ದುದನ್ನು ಒಂದಕ್ಷರ ಬಿಡದೆ ಓದಿದ. ಕೂತವರಿಗೂ ಕಣ್ಣಿದೆ ಅಲ್ವಾ? ಮೂರನೆಯವನು ಸುಮ್ನೆ ನಿಂತಿದ್ದ, ಅವನೇ ವಾಸಿ.

ನಮ್ಮದು ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಡಿಎಚ್‌ಟಿ11 ಸೆನ್ಸರ್ ಜೋಡಿಸಿ ಗಾಳಿಯ ಬಿಸಿ, ತೇವ ಅಳೆಯುವ ಸಾಧನ. ರೂಮಿನಲ್ಲಿ ಚೆನ್ನಾಗೇ ನಡೆದಿತ್ತು. ಬೆಳಿಗ್ಗೆ ಸ್ವಾರ್‌ಗೇಟ್ ಬಸ್ಸಿನ ನೂಕುನುಗ್ಗಲಲ್ಲಿ, ವೈರ್ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನ ಒಂದು ವೈರ್ ಸಡಿಲವಾಗಿದೆ, ಗೊತ್ತೇ ಆಗಲಿಲ್ಲ. ಡಿಗ್ರಿ ತೋರಿಸಬೇಕಾದ ಜಾಗದಲ್ಲಿ 'ನ್ಯಾನ್' ಅಂತ ಬಂತು. ಅಂದರೆ ಇದು ಸಂಖ್ಯೆಯೇ ಅಲ್ಲ ಅಂತ. ವೈರ್ ಒತ್ತುವಷ್ಟರಲ್ಲಿ ಟೈಮ್ ಮುಗಿದೇಹೋಯಿತು.

ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: "ಥ್ಯಾಂಕ್ ಯೂ ಸ್ಲೈಡ್ ಯಾಕಿಲ್ಲ?"

ಕನ್ವರ್ಟರ್ ಇನ್ನೂ ನನ್ನ ಬ್ಯಾಗಲ್ಲೇ ಇದೆ.