‘ಕೊಯ್ಯದೆ ಮಾಡ್ತಾರಂತಲ್ಲ?’

ರಾತ್ರಿ ಎರಡೂವರೆಗೆ ದೀಪ ಹಾಕದೆ ಬಚ್ಚಲಲ್ಲಿ ನಿಂತು, ನಲ್ಲಿಯನ್ನು ಸಣ್ಣಗೆ ಬಿಟ್ಟು, ಆ ಸದ್ದಿಗಾದರೂ ನನ್ನದು ಶುರುವಾದೀತೇ ಅಂತ ಕಾದಿದ್ದೇನೆ. ಒಂದೆರಡು ರಾತ್ರಿಯಲ್ಲ, ಹೆಚ್ಚುಕಡಿಮೆ ಮೂರು ವರ್ಷ. ನಾಲ್ಕು ಹನಿ ಬೀಳುತ್ತದೆ, ನಿಲ್ಲುತ್ತದೆ, ಮತ್ತೆರಡು ಹನಿ. ಮುಗಿಯಿತೆಂದು ಬಂದು ಹೊದಿಕೆ ಎಳೆದುಕೊಳ್ಳುವಷ್ಟರಲ್ಲಿ ಇನ್ನೂ ಉಳಿದಿದೆ ಅನ್ನಿಸುತ್ತದೆ. ಹೆಂಡತಿಗೆ ಗಾಢ ನಿದ್ದೆ ಅಂತಲೇ ನಾನು ನಂಬಿದ್ದೆ. ಮೂತ್ರರೋಗದ ಡಾಕ್ಟರ್ ಯೂರಾಲಜಿಸ್ಟ್ ಮುಂದೆ ಕೂತಾಗ ಬಣ್ಣ ಬಯಲಾಯಿತು. “ರಾತ್ರಿ ಎಷ್ಟು ಸಲ ಏಳ್ತೀರಿ?” ಅಂತ ಅವರು ಕೇಳಿದರು. ನಾನು “ಎರಡು” ಅಂದೆ. ಪಕ್ಕದಿಂದ ಅವಳು “ಐದು” ಅಂದಳು.

ಈಗ ಪ್ರಾಸ್ಟೇಟ್ ಆಪರೇಷನ್ ಆಗಿ ಎಂಟು ತಿಂಗಳು. ವಿಷಯ ಗೊತ್ತಾದ ನನ್ನ ವಯಸ್ಸಿನ ಗಂಡಸರೆಲ್ಲ ಗುಟ್ಟಾಗಿ ಫೋನ್ ಮಾಡಿ ಕೇಳುವುದು ಒಂದೇ: “ಕೊಯ್ಯದೆ ಮಾಡ್ತಾರಂತಲ್ಲ, ನೀವೂ ಅದನ್ನೇ ಮಾಡಿಸಿದ್ರಾ?”

ಆ ‘ಕೊಯ್ಯದೆ’ ಅನ್ನುವ ಮಾತಿನ ಮೇಲೆ ನನಗೀಗ ಸಿಟ್ಟು. ಪ್ರಾಸ್ಟೇಟ್‌ಗಾಗಿ ಹೊಟ್ಟೆ ಕೊಯ್ಯುವುದು ಎಂದೋ ಅಪರೂಪವಾಯಿತು. ದಶಕಗಳಿಂದ ನಡೆದು ಬಂದಿರುವ ಟಿಯುಆರ್‌ಪಿ ಕೂಡ ಮೂತ್ರದ ದಾರಿಯಿಂದಲೇ ಒಳಹೋಗಿ, ಬೆಳೆದ ಗ್ರಂಥಿಯನ್ನು ಕೆರೆದು ತೆಗೆಯುವಂಥದ್ದು. ಮೈಮೇಲೆ ಒಂದು ಗೀರೂ ಬೀಳುವುದಿಲ್ಲ. ಆದ್ದರಿಂದ ಹೊಲಿಗೆ ಹಾಕುತ್ತಾರೋ ಇಲ್ಲವೋ ಅನ್ನುವುದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಒಳಗೆ ಎಷ್ಟು ತೆಗೀತಾರೆ, ಎಷ್ಟು ಬಿಡ್ತಾರೆ, ಬಿಟ್ಟದ್ದು ಮುಂದೆ ಮತ್ತೆ ಕಾಡುತ್ತಾ, ತೆಗೆದದ್ದಕ್ಕೆ ನಾನೇನು ಬಿಟ್ಟುಕೊಡಬೇಕು? ಲೆಕ್ಕ ಇರುವುದೆಲ್ಲ ಇಲ್ಲಿ.

ಪ್ರಾಸ್ಟೇಟ್ ಗ್ರಂಥಿ ಕೂತಿರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳೆಯಂತೆ ಸುತ್ತಿಕೊಂಡು. ಯೌವನದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ವಯಸ್ಸಾದಂತೆ ನಾಳಕ್ಕೆ ಅಂಟಿಕೊಂಡ ಒಳಭಾಗವೇ ಬೆಳೆಯುವುದರಿಂದ ದಾರಿ ಕಟ್ಟುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ಎರಡರಲ್ಲೂ ಪಿಎಸ್‌ಎ ಅನ್ನುವ ರಕ್ತಪರೀಕ್ಷೆಯ ಅಂಕಿ ಏರುವುದರಿಂದ ಒಮ್ಮೆ ಸರಿಯಾಗಿ ನೋಡಿಸಿಕೊಳ್ಳಲೇಬೇಕು. ಗ್ರಂಥಿ ಕುಗ್ಗಿಸುವ ಫಿನಾಸ್ಟರೈಡ್ ಮಾತ್ರೆ ತಿನ್ನುವವರಿಗೆ ಇನ್ನೊಂದು ಮಾತು: ಅದು ಪಿಎಸ್‌ಎ ಅಂಕಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ರಿಪೋರ್ಟ್ ನೋಡುವ ಡಾಕ್ಟರಿಗೆ ಈ ಮಾತ್ರೆಯ ವಿಷಯ ಹೇಳದೇ ಇದ್ದರೆ ಇಲ್ಲದ ನೆಮ್ಮದಿಯಲ್ಲಿ ಇರುತ್ತೀರಿ.

ನಾನೂ ಮಾತ್ರೆ ನುಂಗಿದವನೇ. ದಾರಿಯ ಸ್ನಾಯು ಸಡಿಲಿಸುವ ಟ್ಯಾಮ್ಸುಲೋಸಿನ್ ಕೆಲವೇ ದಿನಗಳಲ್ಲಿ ಹಗುರ ಅನ್ನಿಸಿತು, ಆದರೆ ಥಟ್ಟನೆ ಎದ್ದರೆ ತಲೆ ಧಿಮ್ ಅನ್ನುತ್ತಿತ್ತು. ಎರಡು ವರ್ಷ ಹಾಗೇ ಸಾಗಿತು. ಆಮೇಲೊಂದು ಸ್ಕ್ಯಾನಿಂಗ್‌ನಲ್ಲಿ ಗ್ರಂಥಿ 96 ಗ್ರಾಂ, ಮೂತ್ರ ಮಾಡಿ ಬಂದ ಮೇಲೂ ಒಳಗೆ ಉಳಿದದ್ದು 210 ಎಂಎಲ್.

ಅದೇ ಹೊತ್ತಿಗೆ ನಮ್ಮ ಭಾವನವರದ್ದೂ ಇದೇ ಕಥೆ. ಅಕ್ಕನ ಗಂಡ, ನನಗಿಂತ ನಾಲ್ಕು ವರ್ಷ ದೊಡ್ಡವರು, ಅರವತ್ತೆಂಟು. ಅವರ ಗ್ರಂಥಿ 45 ಗ್ರಾಂ, ನನ್ನದರ ಅರ್ಧವೂ ಇಲ್ಲ, ಒದ್ದಾಟ ಮಾತ್ರ ನನಗಿಂತ ಜಾಸ್ತಿ. ಹೀಗೂ ಆಗುತ್ತದೆ. ಎಷ್ಟು ಬೆಳೆದಿದೆ ಅನ್ನುವುದಕ್ಕಿಂತ ಯಾವ ಕಡೆ ಬೆಳೆದಿದೆ ಅನ್ನುವುದೇ ಎಷ್ಟೋ ಸಲ ಮುಖ್ಯ. ಅವರು ಮೊದಲು ಹೋದ ಕಡೆ ಟಿಯುಆರ್‌ಪಿಗೆ ದಿನ ಗೊತ್ತುಮಾಡಿ ಸಹಿಗೆ ಕಾಗದ ಕೊಟ್ಟರು. ಭಾವ ಮೇಷ್ಟರಾಗಿದ್ದವರು, ಓದದೆ ಸಹಿ ಹಾಕುವ ಜಾತಿಯಲ್ಲ. ಓದುತ್ತ ಹೋದರೆ ಒಂದು ಸಾಲು: ಆಪರೇಷನ್ ನಂತರ ವೀರ್ಯ ಹೊರಗೆ ಬಾರದೆ ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗಬಹುದು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೇಳಿದರೆ, “ಈ ವಯಸ್ಸಲ್ಲಿ ಅದೇನು ದೊಡ್ಡ ವಿಷಯ ಬಿಡಿ ಸರ್” ಅಂದರಂತೆ. ಆವತ್ತು ಸಂಜೆ ಭಾವ ಫೋನ್ ಮಾಡಿ ಕೂಗಾಡಿದ್ದು ಇನ್ನೂ ಕಿವಿಯಲ್ಲಿದೆ: “ಏನೋ ಇದು, ಇವರು ನನ್ನನ್ನ ಸನ್ಯಾಸಿ ಅಂತ ಯಾವಾಗ ತೀರ್ಮಾನ ಮಾಡಿದ್ರೋ?”

ನಾನು ನಕ್ಕೆ. ಆದರೆ ಅವರು ಕೇಳಿದ್ದು ನ್ಯಾಯವಾಗಿತ್ತು. ಟಿಯುಆರ್‌ಪಿ ಆದ ಮೂವರಲ್ಲಿ ಸುಮಾರು ಇಬ್ಬರಿಗೆ ಹೀಗಾಗುತ್ತದೆ. ಅಪಾಯವಿಲ್ಲ, ನೋವಿಲ್ಲ, ಸಾಮಾನ್ಯವಾಗಿ ನಿಮಿರುವಿಕೆಗೂ ಧಕ್ಕೆಯಿಲ್ಲ. ಆಮೇಲೆ ಮೂತ್ರ ಸ್ವಲ್ಪ ಮಸುಕಾಗಿ ಬರುತ್ತದೆ, ಅಷ್ಟೆ. ಕೆಲವರಿಗೆ ಅದು ಲೆಕ್ಕಕ್ಕೇ ಇಲ್ಲ, ಕೆಲವರಿಗೆ ದೊಡ್ಡ ನಷ್ಟ. ದೊಡ್ಡದೋ ಚಿಕ್ಕದೋ ಅಂತ ಹೇಳಬೇಕಾದವನು ಮೇಜಿನ ಈಚೆ ಕೂತವನು. ಅರವತ್ತು ದಾಟಿದವನಿಗೆ ಆ ಪ್ರಶ್ನೆಯನ್ನೇ ಕೇಳದಿರುವುದು ಮರ್ಯಾದೆ ಅಂತ ನಮ್ಮ ಎಷ್ಟೋ ಡಾಕ್ಟರುಗಳು ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಸೋಮಾರಿತನ.

ಭಾವ ಬೇರೆ ಡಾಕ್ಟರ ಹತ್ತಿರ ಹೋದರು. ಅಲ್ಲಿ ಎರಡು ದಾರಿ ಹೇಳಿದರು. ಒಂದು ಯೂರೋಲಿಫ್ಟ್: ಬಾಗಿಲಿನ ಪರದೆಯನ್ನು ಎರಡೂ ಕಡೆ ಎಳೆದು ಕಟ್ಟುವ ಹಾಗೆ, ಪುಟ್ಟ ಕ್ಲಿಪ್‌ಗಳಿಂದ ಗ್ರಂಥಿಯನ್ನು ಪಕ್ಕಕ್ಕೆ ಬಿಗಿಯುವುದು. ಏನನ್ನೂ ಕತ್ತರಿಸುವುದಿಲ್ಲ, ಸುಡುವುದಿಲ್ಲ. ಇನ್ನೊಂದು ರೆಜೂಮ್, ಅಂದರೆ ಹಬೆ. ಮೂತ್ರನಾಳದಿಂದ ಒಂದು ಸೂಜಿ ಗ್ರಂಥಿಯೊಳಕ್ಕೆ ಚುಚ್ಚಿ, ಒಂದೊಂದು ಕಡೆ ಒಂಬತ್ತು ಸೆಕೆಂಡು ನೀರಿನ ಹಬೆ ಬಿಡುತ್ತಾರೆ. ಹಬೆ ತಣಿದು ನೀರಾಗುವಾಗ ಬಿಟ್ಟುಕೊಡುವ ಶಾಖಕ್ಕೆ ಸುತ್ತಲಿನ ಜೀವಕೋಶಗಳು ಸಾಯುತ್ತವೆ. ಸತ್ತದ್ದನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕ್ಲಿಪ್‌ಗೆ 2013ರಲ್ಲಿ, ಹಬೆಗೆ 2015ರಲ್ಲಿ ಅನುಮತಿ ಕೊಟ್ಟಿತು. ಎರಡರಲ್ಲೂ ವೀರ್ಯದ ವಿಷಯದಲ್ಲಿ ಬಹುಪಾಲು ಜನರಿಗೆ ತೊಂದರೆಯಿಲ್ಲ. ಆದರೆ ಐದು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ಮತ್ತೆ ಆಪರೇಷನ್ ಬೇಕಾದವರು ಕ್ಲಿಪ್‌ನಲ್ಲಿ ನೂರಕ್ಕೆ 13–14, ಹಬೆಯಲ್ಲಿ ನೂರಕ್ಕೆ 4–5. ಅವು ಬೇರೆ ಬೇರೆ ಅಧ್ಯಯನಗಳು, ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ, ಆದರೂ ಭಾವ ಅದನ್ನು ನೋಡಿಯೇ ಹಬೆ ಆರಿಸಿದರು.

ಅರ್ಧ ದಿನದಲ್ಲಿ ಮನೆಗೆ ಬಂದರು, ಸರಿ. ಆದರೆ ಐದು ದಿನ ಕ್ಯಾತಿಟರ್, ಮೂತ್ರ ಹೊರಬಿಡುವ ನಳಿಕೆ. ಅದು ತೆಗೆದ ಮೇಲೆ ಮೂರು ವಾರ ಮೊದಲಿಗಿಂತ ಅಧ್ವಾನ. ಹಬೆ ತಗುಲಿದ ಗ್ರಂಥಿ ಮೊದಲು ಊದಿಕೊಳ್ಳುತ್ತದೆ, ಆಮೇಲೆ ಕುಗ್ಗುತ್ತದೆ. ಪೂರ್ತಿ ಗುಣ ಕಾಣಲು ಮೂರು ತಿಂಗಳೂ ಹಿಡಿಯಬಹುದು. ಅಕ್ಕ ಎರಡನೇ ವಾರಕ್ಕೇ “ದುಡ್ಡು ದಂಡ ಮಾಡಿದ್ರಿ” ಅಂತ ಶುರುಮಾಡಿದ್ದಳು. ಏಳನೇ ವಾರ ಭಾವ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದರು: “ರಾತ್ರಿ ಒಂದೇ ಸಲ ಕಣೋ.”

ನನಗೂ ಹಬೆಯೇ ಬೇಕೆಂದು ಹಟ ಹಿಡಿದಿದ್ದೆ. ಡಾಕ್ಟರ್ ಸ್ಕ್ಯಾನ್ ತೋರಿಸಿದರು. ಗ್ರಂಥಿಯ ನಡುವಿನ ಹಾಲೆ ಮೂತ್ರಕೋಶದೊಳಕ್ಕೇ ತಲೆ ತೂರಿಸಿತ್ತು. ಹಬೆಯನ್ನು ಮುಖ್ಯವಾಗಿ ಪರೀಕ್ಷಿಸಿರುವುದು 30ರಿಂದ 80 ಗ್ರಾಂ ಒಳಗಿನ ಗ್ರಂಥಿಗಳ ಮೇಲೆ. ನನ್ನಂಥವರಿಗೆ ಹೋಲೆಪ್, ಅಂದರೆ ಹೋಲ್ಮಿಯಂ ಲೇಸರ್. 1990ರ ದಶಕದಲ್ಲಿ ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗ್ ಮತ್ತು ಸಂಗಡಿಗರು ರೂಢಿಸಿದ ವಿಧಾನ. ಗ್ರಂಥಿ ಎಷ್ಟೇ ದೊಡ್ಡದಿರಲಿ, ಹಣ್ಣಿನ ಸಿಪ್ಪೆಯನ್ನು ಹಾಗೇ ಬಿಟ್ಟು ಒಳಗಿನ ತೊಳೆ ಬಿಡಿಸಿದಂತೆ ಬೆಳೆದ ಭಾಗವನ್ನೆಲ್ಲ ಬಿಡಿಸುತ್ತಾರೆ. ಮೂತ್ರಕೋಶಕ್ಕೆ ತಳ್ಳಿ, ಅಲ್ಲೇ ಚೂರುಮಾಡಿ ಹೀರಿ ತೆಗೆಯುತ್ತಾರೆ. ತೆಗೆದ ಮಾಂಸ ಲ್ಯಾಬ್‌ಗೆ ಹೋಗುತ್ತದೆ, ಅದೊಂದು ಅನುಕೂಲ. ಹಬೆ, ಕ್ಲಿಪ್‌ಗಳಲ್ಲಿ ಪರೀಕ್ಷೆಗೆ ಏನೂ ಸಿಗುವುದಿಲ್ಲ. ಮತ್ತೆ ಬೆಳೆಯುವ ಭಯ ತೀರ ಕಡಿಮೆ. ಬದಲಿಗೆ ವೀರ್ಯ ಹಿಂದಕ್ಕೆ ಹೋಗುವುದು ಹೆಚ್ಚುಕಡಿಮೆ ಗ್ಯಾರಂಟಿ. ನನಗೆ ಅದನ್ನು ಮೊದಲೇ, ಹೆಂಡತಿಯ ಎದುರೇ ಹೇಳಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪಿದೆವು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಒಂದೂ ಗೊತ್ತಾಗಲಿಲ್ಲ. ನೆನಪಿರುವುದು ಆ ರಾತ್ರಿಯ ನಳಿಕೆ. ಮೇಲೆ ತೂಗುಹಾಕಿದ ದೊಡ್ಡ ಚೀಲದಿಂದ ಸಲೈನ್ ಒಳಗಿಳಿಯುತ್ತದೆ, ಇನ್ನೊಂದು ಕೊಳವೆಯಿಂದ ಹೊರಬರುತ್ತದೆ. ಸಂಜೆ ದಾಸವಾಳದ ಬಣ್ಣ. ನರ್ಸ್ ಬಂದು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ ಹನಿಯ ವೇಗ ಹೆಚ್ಚಿಸಿ ಹೋದರು. ನಡುರಾತ್ರಿ ತಿಳಿಗುಲಾಬಿ. ಬೆಳಗಾಗುವ ಹೊತ್ತಿಗೆ ಕೊಳವೆಯ ಆಚೆಗಿನ ಮಂಚದ ಕಂಬಿ ಕಾಣುವಷ್ಟು ತಿಳಿ. ಮೂತ್ರದ ಬಣ್ಣ ನೋಡಿ ಇಷ್ಟು ಖುಷಿಪಟ್ಟವನು ನಾನೊಬ್ಬನೇ ಇರಲಾರೆ. ಆಮೇಲೆ ಐದಾರು ವಾರ ಕೆಮ್ಮಿದರೆ, ಸೀನಿದರೆ ಸೋರುತ್ತಿತ್ತು. ಪ್ಯಾಡ್ ಇಟ್ಟುಕೊಂಡೆ, ಹೇಳಿಕೊಟ್ಟ ಸ್ನಾಯುವಿನ ವ್ಯಾಯಾಮ ಮಾಡಿದೆ. ಇದನ್ನೂ ಹೇಳಿದ್ದರು, ಹಾಗಾಗಿ ಹೆದರಲಿಲ್ಲ.

ನೀರಿನ ರಭಸದಿಂದ ಕೊರೆಯುವ ಅಕ್ವಾಬ್ಲೇಷನ್, ರಕ್ತನಾಳ ಮುಚ್ಚಿ ಗ್ರಂಥಿಯನ್ನು ಸೊರಗಿಸುವ ವಿಧಾನ, ಇನ್ನೂ ಕೆಲವಿವೆ. ಎಲ್ಲಾ ಆಸ್ಪತ್ರೆಯಲ್ಲೂ ಎಲ್ಲವೂ ಇರುವುದಿಲ್ಲ. ಯಾರ ಬಳಿ ಯಾವ ಮಷೀನಿದೆಯೋ ಅವರಿಗೆ ಅದೇ ಶ್ರೇಷ್ಠ ಅನ್ನಿಸುವುದು ಸಹಜ. ಅದನ್ನು ತಿಳಿದುಕೊಂಡೇ ಕೇಳಿಸಿಕೊಳ್ಳಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ‘ಈಗ ಸುಲಭದ ಚಿಕಿತ್ಸೆ ಬಂದಿದೆ, ತೀರಾ ಆದಾಗ ನೋಡೋಣ’ ಅಂತ ಮುಂದೂಡಿದೆ. ಕಟ್ಟಿದ ದಾರಿಯ ವಿರುದ್ಧ ವರ್ಷಗಟ್ಟಲೆ ತಿಣುಕಿದ ಮೂತ್ರಕೋಶ ಕೊನೆಗೆ ದಣಿಯುತ್ತದೆ. ಆಮೇಲೆ ದಾರಿ ಎಷ್ಟೇ ಅಗಲ ಮಾಡಿದರೂ ತಳ್ಳುವ ಕಸುವು ಪೂರ್ತಿ ಮರಳದೆ ಹೋಗಬಹುದು. ನನಗೆ ಇವತ್ತಿಗೂ ಸ್ವಲ್ಪ ಒಳಗೆ ಉಳಿಯುತ್ತದೆ. ಒಂದು ವರ್ಷ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಅಂತ ಡಾಕ್ಟರ್ ಹೇಳಿದ್ದು ಬೈಗುಳದ ಹಾಗೆ ಕೇಳಿಸಲಿಲ್ಲ, ಅದಕ್ಕೇ ಹೆಚ್ಚು ನಾಟಿತು.

ಹೋದ ವಾರ ಭಾವನೂ ನಾನೂ ಒಂದು ಮದುವೆಗೆ ಬಸ್ಸಿನಲ್ಲಿ ಹೋದೆವು, ನಾಲ್ಕು ಗಂಟೆ ದಾರಿ. ಅವರು ಬಸ್ ಹತ್ತಿ ಆರು ವರ್ಷವಾಗಿತ್ತಂತೆ. ಕಿಟಕಿ ಪಕ್ಕ ಕೂತು, ನೀರಿನ ಬಾಟಲಿ ತೆರೆದು, ನನ್ನನ್ನು ಹುಬ್ಬು ಹಾರಿಸಿ ನೋಡುತ್ತ ಅರ್ಧ ಬಾಟಲಿ ಕುಡಿದರು.