ಸೀಟು ಕೊಟ್ಟಾಯ್ತು, ಆಮೇಲೆ?

ಅಮೆರಿಕದಲ್ಲಿ ಬಡವರ ಮಕ್ಕಳ ಕಾಲೇಜು ಫೀಸಿಗೆ ಪೆಲ್ ಗ್ರಾಂಟ್ ಇದೆ. ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ನ್ಯೂಯಾರ್ಕ್‌ನ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಡಿಗ್ರಿ ಕೊಡುವ ಸರ್ಕಾರಿ ಕಾಲೇಜು) ಫೀಸಿಗೆ ಅಷ್ಟು ಸಾಕು. ಆದರೂ ಅರ್ಧಕ್ಕೇ ಬಿಡುವವರು ಬೇಕಾದಷ್ಟು ಜನ. ಇಲ್ಲಿ ನ್ಯೂಯಾರ್ಕ್‌ನಲ್ಲಿ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿ ಮಾಡುವ ಹುಡುಗನೂ ಬಿಟ್ಟ. ಕಾಲೇಜಿಗೆ ಇನ್ನೂರು ಚಿಲ್ಲರೆ ಡಾಲರ್ ಬಾಕಿ ಇತ್ತು. ಅಷ್ಟಕ್ಕೇ ಅವನ ಖಾತೆಗೆ ‘ಹೋಲ್ಡ್’ ಬಿತ್ತು, ಮುಂದಿನ ಸೆಮಿಸ್ಟರ್‌ಗೆ ಹೆಸರು ಹಚ್ಚಲು ಆಗಲಿಲ್ಲ. ಯಾರನ್ನು ಕೇಳಬೇಕು ಅಂತ ಹೇಳಿಕೊಡಲು ಅಪ್ಪ-ಅಮ್ಮ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಸುಮ್ನೆ ಇನ್ನೊಂದು ಪಾಳಿ ಹಿಡಿದ.

ಇದೇ ಊರಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ‘ಎಎಸ್‌ಎಪಿ’ ಅನ್ನೋ ಯೋಜನೆ ಶುರು ಮಾಡಿತು. ಫೀಸು ಕಡಿಮೆ ಬಿದ್ದರೆ ತುಂಬಿಕೊಡುತ್ತಾರೆ. ಪುಸ್ತಕಕ್ಕೆ ನೆರವು, ಓಡಾಟಕ್ಕೆ ಬಸ್-ಮೆಟ್ರೋ ಕಾರ್ಡ್. ಆದರೆ ಫುಲ್‌ಟೈಮ್ ಓದಬೇಕು, ಸಲಹೆಗಾರರನ್ನು ಆಗಾಗ ಕಾಣಲೇಬೇಕು. ಇಂಗ್ಲಿಷ್, ಗಣಿತದಲ್ಲಿ ಹಿಂದಿದ್ದವರನ್ನೇ ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದರು. ಎರಡು ವರ್ಷದ ಡಿಗ್ರಿಯನ್ನು ಮೂರು ವರ್ಷದೊಳಗೆ ಮುಗಿಸಿದವರು ಈ ಯೋಜನೆ ಸಿಕ್ಕ ಗುಂಪಿನಲ್ಲಿ ಶೇ 40, ಸಿಗದ ಗುಂಪಿನಲ್ಲಿ ಶೇ 22.

ಊಟ, ಹಾಸಿಗೆ ವಿಷಯಕ್ಕೆ ಬಂದರೆ ನಮ್ಮ ಕರ್ನಾಟಕದ ಕಡೆಯೇ ವಾಸಿ. ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದ ಬಿಸಿಎಂ ಹಾಸ್ಟೆಲ್ ಇದೆ. ಅಲ್ಲಿ ಜಾಗ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ಅಂತ ತಿಂಗಳಿಗೆ ಒಂದಿಷ್ಟು ದುಡ್ಡು. (ಬೆಂಗಳೂರಿನಲ್ಲಿ ಅಷ್ಟಕ್ಕೆ ಪಿಜಿ ಸಿಗುತ್ತಾ ಅಂತ ಕೇಳಬೇಡಿ.) 2023ರಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸೂ ಫ್ರೀ.

ನಾವು ಕೈಬಿಡೋದು ಸೀಟು ಕೊಟ್ಟ ಮೇಲೆ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ನಲ್ಲೇ ಮ್ಯಾಥ್ಸ್ ಫೇಲ್ ಆಗುತ್ತಾಳೆ. ಮುಂದಿನ ಸೆಮಿಸ್ಟರ್‌ಗೆ ಬ್ಯಾಕ್‌ಲಾಗ್ ಮೂರಾಗುತ್ತದೆ. ಮನೆಯಲ್ಲಿ ಹೇಳಿದರೆ ಮದುವೆ ಮಾತು ಬರುತ್ತದೆ, ಹಾಗಾಗಿ ಹೇಳುವುದಿಲ್ಲ. ವಾರ್ಡನ್ ನೋಡುವುದು ಹಾಜರಾತಿ ಪುಸ್ತಕ, ಮಾರ್ಕ್ಸ್ ಕಾರ್ಡ್ ಅಲ್ಲ. ಕಾಲೇಜಿನಲ್ಲಿ ‘ಮೆಂಟರ್’ ಇರುತ್ತಾರೆ, ಎಷ್ಟೋ ಕಡೆ ಅವರ ಡೈರಿ ತುಂಬುವುದು ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವಾರ.

ನ್ಯೂಯಾರ್ಕ್‌ನವರು ಊರೆಲ್ಲ ಚದುರಿದ ಮಕ್ಕಳನ್ನು ಹುಡುಕಿ ಮಾತಾಡಿಸಬೇಕು. ನಮ್ಮಲ್ಲಿ ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಮೆಸ್ಸಿನಲ್ಲೇ ಸಿಗುತ್ತಾರೆ ಅಲ್ವಾ? ಹಾಸ್ಟೆಲ್‌ಗೊಬ್ಬ ಸಂಬಳದ ಸಲಹೆಗಾರರನ್ನು ಇಡಲಿ. ಬ್ಯಾಕ್‌ಲಾಗ್ ಇದ್ದವರು ವಾರಕ್ಕೊಮ್ಮೆ ಅವರನ್ನು ಕಾಣಲೇಬೇಕು ಅಂತ ಮಾಡಲಿ. ಅಷ್ಟು ಮಕ್ಕಳಿಗೆ ವರ್ಷವಿಡೀ ಊಟ ಹಾಕುವ ಸರ್ಕಾರಕ್ಕೆ ಆ ಒಂದು ಸಂಬಳ ಏನು ಮಹಾ!