ಹಳದಿಗಟ್ಟಿದ ಇಟ್ಟಿಗೆ, ಯಾರದೋ ಹೆಸರಿನ ತಂಬಿಗೆ

ಲೆಗೋ ಅಂದರೆ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಯ ಆಟಿಕೆ. ಸೀಲ್ ಒಡೆಯದ ಲೆಗೋ ಡಬ್ಬಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟು, ‘ಇನ್ನೈದು ವರ್ಷ ಬಿಟ್ಟು ಮಾರಿದರೆ ಡಬಲ್ ಬರುತ್ತೆ’ ಎನ್ನುವವರಿದ್ದಾರೆ. ಮಾಡಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಅದನ್ನು ಹವ್ಯಾಸ ಅಂತ ಕರೆಯಬೇಡಿ. ಅದು ವ್ಯಾಪಾರ.

ನನ್ನ ಹುಚ್ಚು ಬೇರೆ ತರದ್ದು. ಪುಣೆಯ ಮಂಗಳವಾರ ಪೇಠೆಯ ಹತ್ತಿರ ಬುಧವಾರ, ಭಾನುವಾರ ಜುನಾ ಬಜಾರ್ ನಡೆಯುತ್ತದಲ್ಲ, ಅಲ್ಲಿ ತಿರುಗುತ್ತೇನೆ. ನೆಲಕ್ಕೆ ತಾಡಪತ್ರಿ ಹಾಸಿ ಎಲ್ಲವನ್ನೂ ಸುರಿದಿರುತ್ತಾರೆ. ಕೆಟ್ಟ ಡ್ರಿಲ್ ಮಷಿನ್, ಒಂಟಿ ಶೂ, ಮುಳ್ಳು ಉದುರಿದ ಗಡಿಯಾರ, ಹಿತ್ತಾಳೆ ಅಡಕತ್ತರಿ. ಪೆಟ್ಟು ತಿಂದದ್ದು, ಬಣ್ಣ ಹೋದದ್ದು, ಇನ್ನೊಬ್ಬರ ಹೆಸರು ಕೊರೆದದ್ದು ಕಂಡರೆ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂರುವವನು. ಯಾವ ಗುರುತಿನಿಂದ ಸಾಮಾನಿನ ಬೆಲೆ ಇಳಿಯುತ್ತದೋ, ನನಗೆ ಬೇಕಾಗಿರುವುದು ಅದೇ.

ಒಮ್ಮೆ ಒಂದು ತಂಬಿಗೆ ಸಿಕ್ಕಿತು. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕನ್ನಡ ಅಕ್ಷರ. ಮದುವೆಗೆ ಸೋದರಮಾವ ಕೊಟ್ಟದ್ದು. ಹುಡುಗಿಯ ಹೆಸರು ಅರ್ಧ ಸವೆದಿದೆ, ಮಾವನದು ಮಾತ್ರ ಗಟ್ಟಿಯಾಗಿ ಉಳಿದಿದೆ (ಕೊರೆಸಿದವನು ಅವನೇ ಇರಬೇಕು!). ‘ಹೆ ತೆಲುಗು ಕಾಯ್?’ (ಇದು ತೆಲುಗಾ?) ಅಂದ ಅಂಗಡಿಯವನು. ಪಾಲಿಶ್ ಹಾಕಿಸಿದರೆ ಹೆಸರು ಹೋಗುತ್ತದೆ ಎಂದು ಸಮಾಧಾನ ಬೇರೆ ಮಾಡಿದ. ಹಾಕಿಸಲಿಲ್ಲ. ಈಗ ದಿನಾ ಕುಡಿಯುವ ನೀರು ಅದರಲ್ಲೇ.

ಲೆಗೋ ಸಿಗುವುದು ಗೋಣಿಚೀಲದ ತಳದಲ್ಲಿ, ಬೇರೆ ಕಂಪನಿಗಳ ಪ್ಲಾಸ್ಟಿಕ್ ಜೊತೆ ಕಲೆತು. ಗುರುತು ಹಿಡಿಯುವುದು ಸುಲಭ. ಮೇಲಿನ ಪ್ರತಿ ಗುಬುಟಿನ ಮೇಲೂ ಪುಟ್ಟದಾಗಿ ಹೆಸರು ಇರುತ್ತದೆ. ಡೆನ್ಮಾರ್ಕಿನ ಬಿಲುಂಡ್ ಎಂಬ ಊರಲ್ಲಿ 1932ರಲ್ಲಿ ಒಬ್ಬ ಬಡಗಿ ಶುರುಮಾಡಿದ ಕಂಪನಿ ಅದು. ಒಳಗೆ ಕೊಳವೆ ಇರುವ ಇಂದಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಆಗಿನ ಇಟ್ಟಿಗೆ ಇವತ್ತಿನದಕ್ಕೂ ಟಕ್ ಅಂತ ಕೂರುತ್ತದೆ. ಹಾಗಾಗಿಯೇ ಇದನ್ನು ಬಿಡಿಬಿಡಿಯಾಗಿ, ಹಳೆಯದಾಗಿ ಕೊಂಡರೂ ನಷ್ಟವಿಲ್ಲ. ಎಂಟು ಗುಬುಟಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ರೀತಿಯಲ್ಲಿ ಜೋಡಿಸಬಹುದಂತೆ. ಡಬ್ಬದ ಮೇಲಿನ ಚಿತ್ರ ನೋಡಿ ಕಟ್ಟಿದರೆ ಅದರಲ್ಲಿ ಒಂದೇ ಒಂದು.

ಬಿಳಿ ಇಟ್ಟಿಗೆ ಬಿಸಿಲಿಗೆ ಬಿದ್ದರೆ ವರ್ಷ ಕಳೆದಂತೆ ಹಳದಿಗಟ್ಟುತ್ತದೆ. ಲೆಗೋ ಕೂಡಿಸಿಡುವವರು ಅದನ್ನು ಮುಟ್ಟುವುದಿಲ್ಲ. ನನಗದು ಹಬ್ಬ. ನಾನು ವಿಜಾಪುರದವನು, ಮನೆಯಲ್ಲಿ ಗೋಳಗುಮ್ಮಟ ಕಟ್ಟುತ್ತಿದ್ದೇನೆ. 1656ರ ಹಳೆಯ ಗಾರೆಯ ಬಣ್ಣ ಹೊಸ ಇಟ್ಟಿಗೆಯಲ್ಲಿ ಬರುವುದಿಲ್ಲ ಸ್ವಾಮಿ, ಈ ಹಳದಿಯಲ್ಲೇ ಬರಬೇಕು. ಕಷ್ಟ ಇರುವುದು ಗುಮ್ಮಟದಲ್ಲಿ. ಅಲ್ಲಿಯ ಕಟ್ಟಡದವರು ಒಂದನ್ನೊಂದು ಹಾಯುವ ಕಮಾನುಗಳನ್ನು ಎತ್ತಿ, ಚೌಕದ ಮೇಲೆ ದುಂಡನ್ನು ಕೂರಿಸಿದರು. ನನ್ನ ಹತ್ತಿರ ಬಾಗಿದ ತುಂಡುಗಳೇ ಇಲ್ಲ. ಪ್ರತಿ ಸುತ್ತನ್ನೂ ಒಂದೊಂದು ಗುಬುಟು ಒಳಕ್ಕೆ ಸರಿಸುತ್ತಾ ಹೋಗಬೇಕು. ಕೆಳಗೆ ನಿಧಾನ, ಮೇಲೆ ಹೋದಂತೆ ಬೇಗ ಬೇಗ. ಹತ್ತಿರದಿಂದ ನೋಡಿದರೆ ಮೆಟ್ಟಿಲು, ಬಾಗಿಲಲ್ಲಿ ನಿಂತು ನೋಡಿದರೆ ಗುಮ್ಮಟ. ನನ್ನವಳ ಪ್ರಕಾರ ಎಲ್ಲಿಂದ ನೋಡಿದರೂ ಕುಕ್ಕರ್.

‘ಇಂಥ ಗುಜರಿಗೆಲ್ಲ ದುಡ್ಡು ಹಾಕ್ತೀರಲ್ಲ’ ಎನ್ನುವವರನ್ನು ನಾನು ಸುಮ್ನೆ ಬಾಜೀರಾವ್ ರಸ್ತೆ ಕಡೆಗಿರುವ ಕೇಳ್ಕರ್ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. ದಿನಕರ ಕೇಳ್ಕರ್ ಊರೂರು ಸುತ್ತಿ ಕೂಡಿಸಿದ 20 ಸಾವಿರದಷ್ಟು ಸಾಮಾನು. ಚಿಕ್ಕಂದಿನಲ್ಲೇ ತೀರಿಹೋದ ಮಗ ರಾಜಾನ ಹೆಸರಿನಲ್ಲಿ ಮ್ಯೂಸಿಯಂ ಮಾಡಿ, ಕೊನೆಗೆ ಅಷ್ಟನ್ನೂ ಸರ್ಕಾರಕ್ಕೆ ಕೊಟ್ಟುಬಿಟ್ಟರು. ಅಲ್ಲಿರುವುದರಲ್ಲಿ ಜಾಸ್ತಿ ಮನೆಬಳಕೆಯದೇ. ದೀಪ, ಅಡಕತ್ತರಿ, ಕಾಲುಜ್ಜುವ ಹಿತ್ತಾಳೆ ವಜ್ರಿ. ಯಾವುದೋ ಅಜ್ಜಿಯ ಕೈ ಸವೆಸಿದ ಹಿಡಿಗಳು ಹಾಗೇ ಇವೆ. ಫಳಫಳ ಹೊಳೆಯುವಂತೆ ಮಾಡಿದ್ದರೆ ಅವನ್ನು ಯಾರು ನಿಂತು ನೋಡುತ್ತಿದ್ದರು?

ಈಗ ವಿಷಯಕ್ಕೆ ಬರುತ್ತೇನೆ. ನಾಲ್ಕು ಗೋಪುರಗಳಲ್ಲಿ ಎರಡು ಎದ್ದಿವೆ, ಇಟ್ಟಿಗೆ ಸಾಲುತ್ತಿಲ್ಲ. ಪುಣೆ, ಪಿಂಪ್ರಿ ಕಡೆಯ ಕನ್ನಡದವರ ಮನೆಯಲ್ಲಿ ಮಕ್ಕಳು ಆಡಿಬಿಟ್ಟ ಲೆಗೋ ಅಟ್ಟದ ಮೇಲಿದ್ದರೆ ರದ್ದಿಯವನಿಗೆ ಹಾಕಬೇಡಿ, ಮೆಸೇಜ್ ಮಾಡಿ. ಬಿಳಿಯದು ಹಳದಿಯಾಗಿದ್ದರೆ ಇನ್ನೂ ಒಳ್ಳೆಯದು. ದಯವಿಟ್ಟು ಕುದಿಯುವ ನೀರಿನಲ್ಲಿ ತೊಳೆದು ಕೊಡಬೇಡಿ, ಸೊಟ್ಟಗಾಗುತ್ತವೆ. ಧೂಳಿನ ಸಮೇತ ಕೊಡಿ, ನಾನೇ ತೊಳೆದುಕೊಳ್ಳುತ್ತೇನೆ.